ಬಾರ್ಬೆರಾ, ದೊಲ್ಚೆತ್ತೊ, ನೆಬ್ಬಿಯೊಲೊ: ತಟ್ಟೆಯಲ್ಲಿ ಏನಿದ್ದರೆ ಯಾವ ಬಾಟಲಿ?

ಇಟಲಿಯ ವಾಯವ್ಯ ಮೂಲೆಯಲ್ಲಿರುವ ಪಿಯೆಮೊಂತೆ ಪ್ರಾಂತ್ಯದ ಕೆಂಪು ವೈನ್ ಕೊಳ್ಳಲು ಹೊರಟವರ ತಲೆಯಲ್ಲಿ ಸಾಮಾನ್ಯವಾಗಿ ಒಂದು ಏಣಿ ಇರುತ್ತದೆ. ತುದಿಯಲ್ಲಿ ಬರೊಲೊ, ಒಂದು ಮೆಟ್ಟಿಲು ಕೆಳಗೆ ಬಾರ್ಬರೆಸ್ಕೊ, ಅದರ ಕೆಳಗೆ ಬಾರ್ಬೆರಾ, ತೀರಾ ಬುಡದಲ್ಲಿ ದೊಲ್ಚೆತ್ತೊ. ಜೇಬಿಗೆ ಎಟುಕುವ ಮೆಟ್ಟಿಲಿನವರೆಗೆ ಹತ್ತಿ ಬಾಟಲಿ ಎತ್ತಿಕೊಂಡು ಬರುವುದು ರೂಢಿ. ಬೆಲೆಯ ಮಟ್ಟಿಗೆ ಈ ಏಣಿ ನಿಜ, ಊಟದ ಮಟ್ಟಿಗೆ ಸುಳ್ಳು. ಟೊಮೆಟೊ ಸಾಸಿನ ಪಾಸ್ತಾದ ಪಕ್ಕ ಎಳೆಯ ಬರೊಲೊ ಇಟ್ಟು ನೋಡಿ: ವೈನ್ ಕಹಿಯಾಗುತ್ತದೆ, ಟೊಮೆಟೊ ಸಪ್ಪೆಯಾಗುತ್ತದೆ. ಅದೇ ಪಾಸ್ತಾಕ್ಕೆ ಎಷ್ಟೋ ಅಗ್ಗದ ಸಾದಾ ಬಾರ್ಬೆರಾ ತಂದಿದ್ದರೆ ತಟ್ಟೆಯೂ ಲೋಟವೂ ಒಟ್ಟಿಗೆ ಖಾಲಿಯಾಗುತ್ತಿದ್ದವು.

ಆಲ್ಬಾ ಪಟ್ಟಣದ ಸುತ್ತಲಿನ ಲಾಂಗೆ ಗುಡ್ಡಗಳಲ್ಲಿ ಬಾರ್ಬೆರಾ, ದೊಲ್ಚೆತ್ತೊ ಮತ್ತು ಬರೊಲೊ, ಬಾರ್ಬರೆಸ್ಕೊಗಳ ಮೂಲವಾದ ನೆಬ್ಬಿಯೊಲೊ ಎಂಬ ಮೂರು ದ್ರಾಕ್ಷಿ ತಳಿಗಳು ಎಷ್ಟೋ ಸಲ ಒಂದೇ ಕುಟುಂಬದ ತೋಟದಲ್ಲಿ ಬೆಳೆಯುತ್ತವೆ. ಆ ಮನೆಗಳ ಊಟದ ಮೇಜಿನ ಮೇಲೆ ಮೂರಕ್ಕೂ ಬೇರೆ ಬೇರೆ ಜಾಗ ಇದೆ, ಒಂದರ ಜಾಗಕ್ಕೆ ಇನ್ನೊಂದು ಬರುವುದಿಲ್ಲ. ಹಾಗಾಗಿ ನನ್ನ ಸಲಹೆ ಇಷ್ಟು. ತಳಿ ಯಾವುದೆಂದು ಅಡುಗೆಯನ್ನು ನೋಡಿ ನಿರ್ಧರಿಸಿ. ತಳಿ ಗೊತ್ತಾದ ಮೇಲೆ ಊರು ಯಾವುದೆಂದು ಇಳಿಜಾರನ್ನು ನೋಡಿ ನಿರ್ಧರಿಸಿ. ಬೆಲೆಯ ವಿಚಾರ ಆಮೇಲೆ.

ಹುಳಿ ಎಷ್ಟು, ಒಗರು ಎಷ್ಟು

ಕೆಂಪು ವೈನ್ ಊಟಕ್ಕೆ ಒಗ್ಗುವುದೋ ಇಲ್ಲವೋ ಎಂಬುದನ್ನು ಹೆಚ್ಚಾಗಿ ತೀರ್ಮಾನಿಸುವುದು ಎರಡು ಗುಣ. ಒಂದು ಹುಳಿ, ಇನ್ನೊಂದು ಒಗರು. ಹುಳಿ ಬಾಯಲ್ಲಿ ನೀರೂರಿಸುತ್ತದೆ, ನಾಲಗೆಯ ಮೇಲಿನ ಜಿಡ್ಡನ್ನು ತೊಳೆದು ಮುಂದಿನ ತುತ್ತಿಗೆ ಸಿದ್ಧ ಮಾಡುತ್ತದೆ. ಒಗರು ಬರುವುದು ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದಲ್ಲಿರುವ ಟ್ಯಾನಿನ್‌ನಿಂದ; ನೇರಳೆ ಹಣ್ಣು ತಿಂದಾಗ ನಾಲಗೆ ಬಿಗಿದು ಒಣಗಿದ ಹಾಗಾಗುತ್ತದಲ್ಲ, ಆ ಅನುಭವ. ಟ್ಯಾನಿನ್ ಪ್ರೋಟೀನ್ ಕಂಡಲ್ಲಿ ಅಂಟಿಕೊಳ್ಳುತ್ತದೆ. ಬಾಯಲ್ಲಿ ಮಾಂಸವೋ ಚೀಸೋ ಇದ್ದರೆ ಅದಕ್ಕೆ ಅಂಟಿಕೊಂಡು ಮೆತ್ತಗಾಗುತ್ತದೆ. ಏನೂ ಇಲ್ಲದಿದ್ದರೆ ಲಾಲಾರಸದ ಪ್ರೋಟೀನನ್ನೇ ಹಿಡಿದು ಬಾಯಿ ಒಣಗಿಸುತ್ತದೆ. ಗಟ್ಟಿ ಒಗರಿನ ವೈನನ್ನು ಬರೀ ಹೊಟ್ಟೆಯಲ್ಲಿ ಕುಡಿದವರು ಮುಖ ಸಿಂಡರಿಸುವುದಕ್ಕೆ ಕಾರಣ ಇದೇ.

ಬಾರ್ಬೆರಾದಲ್ಲಿ ಹುಳಿ ಜೋರು, ಒಗರು ತೀರಾ ಕಡಿಮೆ, ಬಣ್ಣ ಗಾಢ. ಹಣ್ಣು ಪೂರ್ತಿ ಮಾಗಿದರೂ ಈ ತಳಿ ಹುಳಿಯನ್ನು ಬಿಟ್ಟುಕೊಡುವುದಿಲ್ಲ, ಅದೇ ಅದರ ದೊಡ್ಡ ಗುಣ. ದೊಲ್ಚೆತ್ತೊದ ಬಣ್ಣವೂ ಗಾಢ ನೇರಳೆ, ಆದರೆ ಲೆಕ್ಕ ಉಲ್ಟಾ: ಹುಳಿ ಕಡಿಮೆ, ಒಗರು ಮಧ್ಯಮ, ನುಂಗಿದ ಮೇಲೆ ಬಾದಾಮಿಯ ಸಿಪ್ಪೆಯಂಥ ಸಣ್ಣ ಕಹಿ. ನೆಬ್ಬಿಯೊಲೊದಲ್ಲಿ ಹುಳಿಯೂ ಹೆಚ್ಚು, ಒಗರು ಅದಕ್ಕಿಂತ ಹೆಚ್ಚು. ಬರೊಲೊ, ಬಾರ್ಬರೆಸ್ಕೊ ಎರಡನ್ನೂ ಮಾಡುವುದು ಈ ಒಂದೇ ತಳಿಯಿಂದ. ಅದರ ಘಮದಲ್ಲಿ ಗುಲಾಬಿ, ಒಣಗಿದ ಹೂ, ವಯಸ್ಸಾದಂತೆ ಡಾಂಬರು, ತೊಗಲು, ಅಣಬೆ.

ನೆಬ್ಬಿಯೊಲೊ ಕಣ್ಣಿಗೆ ಮೋಸ ಮಾಡುತ್ತದೆ. ಲೋಟಕ್ಕೆ ಸುರಿದರೆ ಆಚೆ ಬದಿಯ ಬೆರಳು ಕಾಣುವಷ್ಟು ತೆಳು ಬಣ್ಣ; ಇದು ಹಗುರ ವೈನ್ ಇರಬೇಕು ಎಂದುಕೊಂಡು ತರಕಾರಿ ಸಲಾಡಿನ ಜೊತೆಗೆ ಹಚ್ಚುವವರಿದ್ದಾರೆ. ಮೂರರಲ್ಲಿ ಅತಿ ಬಿರುಸಾದದ್ದು ಇದೇ. ಬಣ್ಣ ನೋಡಿ ವೈನಿನ ತೂಕ ಅಳೆಯುವ ಅಭ್ಯಾಸವನ್ನು ಪಿಯೆಮೊಂತೆಯ ಮಟ್ಟಿಗಾದರೂ ಕೈಬಿಡಬೇಕು.

ಬಿಸಿಲಿನ ಇಳಿಜಾರು ಯಾರ ಪಾಲಿಗೆ?

ನೆಬ್ಬಿಯೊಲೊ ಬೇಗ ಚಿಗುರಿ ತಡವಾಗಿ ಹಣ್ಣಾಗುವ ತಳಿ. ಕೊಯ್ಲು ಅಕ್ಟೋಬರ್ ತನಕ ಎಳೆಯುತ್ತದೆ. ಅಷ್ಟೊತ್ತಿಗೆ ಕಣಿವೆಯಲ್ಲಿ ಮಂಜು ಕವಿಯಲು ಶುರು. ಹಾಗಾಗಿ ದಕ್ಷಿಣಕ್ಕೋ ನೈಋತ್ಯಕ್ಕೋ ಮುಖ ಮಾಡಿದ, ಚಳಿಗಾಲದ ಹಿಮ ಮೊದಲು ಕರಗುವ ಇಳಿಜಾರನ್ನು ಅದಕ್ಕೆ ಮೀಸಲಿಡುತ್ತಾರೆ. ಅಲ್ಲಿಯ ರೈತರು ಇಂಥ ಬಿಸಿಲಿನ ಇಳಿಜಾರಿಗೆ ಸೊರಿ ಎನ್ನುತ್ತಾರೆ, ಗುಡ್ಡದ ನೆತ್ತಿಗೆ ಬ್ರಿಕ್ಕೊ ಎನ್ನುತ್ತಾರೆ. ಲೇಬಲ್ಲಿನಲ್ಲಿ ಇವೆರಡೂ ಪದೇ ಪದೇ ಕಾಣಿಸುತ್ತವೆ. ದೊಲ್ಚೆತ್ತೊ ಸೆಪ್ಟೆಂಬರಿನಲ್ಲೇ ಮಾಗುವುದರಿಂದ ಎತ್ತರದ, ತಂಪು ಬದಿಯ ಜಮೀನಿನಲ್ಲೂ ಬದುಕಿಕೊಳ್ಳುತ್ತದೆ. ಬಾರ್ಬೆರಾ ಇವೆರಡರ ನಡುವೆ.

ಇಲ್ಲಿ ಕೊಳ್ಳುವವರಿಗೆ ಬಹಳ ಉಪಯೋಗದ ಒಂದು ವಿಷಯವಿದೆ. ಬರೊಲೊ ಊರಿನ ಸುತ್ತಮುತ್ತ ಒಳ್ಳೆಯ ಇಳಿಜಾರೆಲ್ಲ ನೆಬ್ಬಿಯೊಲೊ ಪಾಲು, ಉಳಿದ ಜಾಗದಲ್ಲಿ ಬಾರ್ಬೆರಾ, ಅದಕ್ಕೂ ಆಗದ ಜಾಗದಲ್ಲಿ ದೊಲ್ಚೆತ್ತೊ. ಆದರೆ ಪೂರ್ವಕ್ಕೆ ಆಸ್ತಿ ಜಿಲ್ಲೆಯ ನಿತ್ಸಾ ಮೊನ್ಫೆರಾತೊ ಕಡೆ ಹೋದರೆ ಆ ಗೌರವದ ಜಾಗ ಬಾರ್ಬೆರಾಕ್ಕೆ. ದಕ್ಷಿಣದ ದೊಲ್ಯಾನಿಯಲ್ಲಿ ದೊಲ್ಚೆತ್ತೊಗೆ. ಅಂದರೆ ಯಾವ ತಳಿ ಬೇಕೆಂದು ಗೊತ್ತಿದ್ದರೆ, ಆ ತಳಿಯನ್ನು ಮೊದಲ ಮಗನಂತೆ ಬೆಳೆಸುವ ಊರಿನದನ್ನೇ ಕೊಳ್ಳುವುದು ಜಾಣತನ. ಇದಕ್ಕೆ ಅಪವಾದಗಳಿವೆ. ಬರೊಲೊದ ಹೆಸರಾಂತ ಮನೆಗಳು ಬಾರ್ಬೆರಾಕ್ಕೂ ಒಳ್ಳೆಯ ತುಂಡು ಜಮೀನು ಕೊಟ್ಟದ್ದುಂಟು. ಆದರೆ ಗುರುತು ಪರಿಚಯವಿಲ್ಲದ ಲೇಬಲ್ ಮುಂದೆ ನಿಂತಾಗ ಈ ಲೆಕ್ಕ ಕೈಹಿಡಿಯುತ್ತದೆ.

ಬಾರ್ಬೆರಾ: ಆಸ್ತಿಯದೋ ಆಲ್ಬಾದ್ದೋ?

ನಾನು ಹೆಚ್ಚು ಹೊತ್ತು ನಿಲ್ಲುವುದು ಇಲ್ಲೇ. ಮನೆಯೂಟಕ್ಕೆ ಇಟಲಿಯ ಒಂದೇ ಒಂದು ಕೆಂಪು ವೈನ್ ಹೇಳಿ ಎಂದು ಕೇಳಿದರೆ ನನ್ನ ಉತ್ತರ ಬಾರ್ಬೆರಾ, ಅದರಲ್ಲೂ ಬಾರ್ಬೆರಾ ದಾಸ್ತಿ, ಅಂದರೆ ಆಸ್ತಿಯ ಬಾರ್ಬೆರಾ.

ಈ ವೈನಿಗೆ ತಕ್ಕ ಮರ್ಯಾದೆ ಬಹಳ ಕಾಲ ಸಿಗಲಿಲ್ಲ. ಪಿಯೆಮೊಂತೆಯಲ್ಲಿ ಅದು ದಿನದ ವೈನ್, ಹೊಲದಲ್ಲಿ ದುಡಿದು ಬಂದವರು ಕುಡಿಯುವ ವೈನ್. ಹೆಚ್ಚು ಫಸಲು ತೆಗೆದು ನೀರುನೀರಾದ, ಹುಳಿ ಮಾತ್ರ ಉಳಿದ ಬಾಟಲಿಗಳು ಸಾಕಷ್ಟಿದ್ದವು. 1986ರಲ್ಲಿ ಅದಕ್ಕೆ ಅತಿ ದೊಡ್ಡ ಪೆಟ್ಟು ಬಿತ್ತು. ಮದ್ಯಸಾರದ ಪ್ರಮಾಣ ಹೆಚ್ಚಿಸಲು ಅಗ್ಗದ ವೈನಿಗೆ ಮೆಥನಾಲ್ ಬೆರೆಸಿದ ಹಗರಣ ಬಯಲಾಯಿತು; ಆ ವೈನ್ ಕುಡಿದು 20ಕ್ಕೂ ಹೆಚ್ಚು ಜನ ಸತ್ತರು, ಕೆಲವರು ಕಣ್ಣು ಕಳೆದುಕೊಂಡರು. ಬಾರ್ಬೆರಾ ಎಂಬ ಹೆಸರಿನ ಮೇಲೆಯೇ ಜನರಿಗೆ ಭಯ ಹುಟ್ಟಿತು. ಅದೇ ದಶಕದಲ್ಲಿ ರೊಕ್ಕೆತ್ತಾ ತನಾರೊ ಎಂಬ ಹಳ್ಳಿಯ ಜಾಕೊಮೊ ಬೊಲೊನ್ಯಾ ಬೇರೆಯೇ ಹಾದಿ ಹಿಡಿದಿದ್ದರು. ತಮ್ಮ ಬ್ರಾಯ್ದಾ ತೋಟದ ಬಾರ್ಬೆರಾವನ್ನು ಫ್ರೆಂಚರ ಸಣ್ಣ ಓಕ್ ಪೀಪಾಯಿಗಳಲ್ಲಿ ಇಟ್ಟು ಹದಮಾಡಿ, 1982ರ ಕೊಯ್ಲಿನಿಂದ ಬ್ರಿಕ್ಕೊ ದೆಲ್ಲುಚೆಲ್ಲೋನೆ ಎಂಬ ವೈನ್ ಹೊರತಂದರು. ಬಾರ್ಬೆರಾದಲ್ಲಿ ಒಗರು ಇಲ್ಲದ ಕೊರತೆಯನ್ನು ಓಕ್ ಮರದ ಒಗರು ತುಂಬಿಕೊಟ್ಟಿತು. ಬಡವರ ವೈನ್ ಎನಿಸಿಕೊಂಡದ್ದು ದೊಡ್ಡ ಹೋಟೆಲುಗಳ ಪಟ್ಟಿಗೆ ಏರಿತು. ಇವತ್ತು ಬಾರ್ಬೆರಾ ಕೊಳ್ಳುವವರ ಮುಂದಿರುವ ಗೊಂದಲವೂ ಅಲ್ಲಿಂದಲೇ ಶುರು: ಒಂದೇ ಹೆಸರಿನಲ್ಲಿ ಈಗ ಎರಡು ಬಗೆಯ ವೈನ್ ಇದೆ. ಸ್ಟೀಲ್ ಟ್ಯಾಂಕಿನಲ್ಲಿ ಮಾಡಿದ, ಚೆರ್ರಿ ಹಣ್ಣಿನ ರುಚಿಯ, ಚುರುಕಾದ ಸಾದಾ ಬಾರ್ಬೆರಾ ಒಂದು. ಓಕ್ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಇಟ್ಟ, ವೆನಿಲ್ಲಾ, ಲವಂಗದ ಘಮವಿರುವ, ದಪ್ಪ ಬಾರ್ಬೆರಾ ಇನ್ನೊಂದು. ಟೊಮೆಟೊ, ಬೆಳ್ಳುಳ್ಳಿ, ಕರಿದ ತಿಂಡಿ ಇದ್ದರೆ ಮೊದಲನೆಯದು. ಕೆಂಡದ ಮೇಲೆ ಸುಟ್ಟ ಮಾಂಸ, ಹುರಿದ ಬಾತುಕೋಳಿ ಇದ್ದರೆ ಎರಡನೆಯದು. ಅದಲು ಬದಲು ಮಾಡಬೇಡಿ. ಓಕ್‌ನ ಸಿಹಿ ಘಮ ಟೊಮೆಟೊದ ಹುಳಿಯೊಂದಿಗೆ ಸೇರುವುದೇ ಇಲ್ಲ.

ಯಾವುದು ಯಾವ ಬಗೆ ಎಂದು ಲೇಬಲ್ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಸುಳಿವು ಕೊಡುತ್ತದೆ. ಬಾರ್ಬೆರಾ ದಾಸ್ತಿಗೆ 1970ರಲ್ಲಿ ಡಿಒಸಿ ಮನ್ನಣೆ (ಸೀಮೆ, ತಳಿ, ಮಾಡುವ ವಿಧಾನವನ್ನು ಕಾನೂನು ಗೊತ್ತುಮಾಡಿದ ವೈನ್ ಎಂಬ ಗುರುತು) ಸಿಕ್ಕಿತು, 2008ರಲ್ಲಿ ಅದಕ್ಕಿಂತ ಕಟ್ಟುನಿಟ್ಟಿನ ಡಿಒಸಿಜಿ. ಕನಿಷ್ಠ ಶೇ. 90 ಬಾರ್ಬೆರಾ ಇರಬೇಕು. ಹೆಸರಿನ ಜೊತೆ ‘ಸುಪೆರಿಯೊರೆ’ ಎಂದಿದ್ದರೆ 14 ತಿಂಗಳು ಹದವಾಗಿದೆ, ಅದರಲ್ಲಿ 6 ತಿಂಗಳು ಮರದ ಪೀಪಾಯಿಯಲ್ಲಿ ಎಂದು ಅರ್ಥ. ಬರೀ ‘ನಿತ್ಸಾ’ ಎಂದಿದ್ದರೆ ಅದು 2014ರಲ್ಲಿ ಬೇರೆಯಾಗಿ ಡಿಒಸಿಜಿ ಪಡೆದ, ನಿತ್ಸಾ ಮೊನ್ಫೆರಾತೊ ಸುತ್ತಲಿನ 18 ಗ್ರಾಮಗಳ ವೈನ್. ಅದರಲ್ಲಿ ನೂರಕ್ಕೆ ನೂರು ಬಾರ್ಬೆರಾ, 18 ತಿಂಗಳ ಹದ, ಅದರಲ್ಲಿ 6 ತಿಂಗಳು ಮರದಲ್ಲಿ. ನಾನು ಮೇಲೆ ಹೇಳಿದ ಬಿಸಿಲಿನ ಇಳಿಜಾರು ಬಾರ್ಬೆರಾಕ್ಕೆ ಸಿಕ್ಕಿರುವುದು ಇಲ್ಲೇ, ಮತ್ತು ಅದು ನಾಲಗೆಗೆ ಗೊತ್ತಾಗುತ್ತದೆ. ಮಾಂಸದೂಟದ ದಿನಕ್ಕೆ ಎಳೆಯ ಬರೊಲೊಗಿಂತ ನಿತ್ಸಾ ಕೊಳ್ಳಿ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಬಾರ್ಬೆರಾ ದಾಲ್ಬಾದ ಕಥೆ ಬೇರೆ. ಅದಕ್ಕೆ ಶೇ. 15ರವರೆಗೆ ನೆಬ್ಬಿಯೊಲೊ ಬೆರೆಸಲು ಅವಕಾಶವಿದೆ. ರುಚಿಯಲ್ಲಿ ಸಾಮಾನ್ಯವಾಗಿ ಇನ್ನಷ್ಟು ತುಂಬಿಕೊಂಡ, ದುಂಡಗಿನ, ಕಪ್ಪು ಹಣ್ಣಿನ ಕಡೆಗೆ ವಾಲುವ ವೈನ್. ಆಸ್ತಿಯದು ಕೆಂಪು ಹಣ್ಣಿನ, ಹುಳಿ ಮುಂದಿರುವ, ಚುರುಕು ವೈನ್. ಬೆಣ್ಣೆ, ಮಾಂಸದ ರಸ ಇರುವ ಅಡುಗೆಗೆ ಆಲ್ಬಾ. ಎಣ್ಣೆ, ಟೊಮೆಟೊ, ಉಪ್ಪುಮೀನು ಇರುವ ಅಡುಗೆಗೆ ಆಸ್ತಿ. ಎರಡರಲ್ಲೂ ಬಿಸಿ ವರ್ಷಗಳ ಬಾಟಲಿಗಳಲ್ಲಿ ಮದ್ಯಸಾರ ಶೇ. 15 ಮುಟ್ಟುವುದುಂಟು, ಲೇಬಲ್ಲಿನ ಮೂಲೆಯಲ್ಲಿರುವ ಆ ಅಂಕಿಯನ್ನು ನೋಡಿಕೊಳ್ಳಿ. ದಿನದ ಊಟಕ್ಕೆ 13.5ರ ಆಸುಪಾಸಿನದೇ ಹಿತ.

ನೆಬ್ಬಿಯೊಲೊ: ಯಾವ ಮೆಟ್ಟಿಲವರೆಗೆ ಹತ್ತಬೇಕು?

ಬರೊಲೊವನ್ನು ವೈನ್‌ಗಳ ಅರಸ, ಅರಸರ ವೈನ್ ಎಂದು ಹೊಗಳುವ ಮಾತು ಹಳೆಯದು. ಹೊಗಳಿಕೆಗೆ ಅದು ಅರ್ಹವೇ. ಆದರೆ ಅರಸನನ್ನು ಮನೆಗೆ ಕರೆದರೆ ಅವನಿಗೆ ತಕ್ಕ ಅಡುಗೆಯೂ ಸಮಯವೂ ಬೇಕು. ಕಾನೂನಿನ ಪ್ರಕಾರ ಬರೊಲೊ ಕೊಯ್ಲಿನ ನಂತರ 38 ತಿಂಗಳು ಹದವಾಗಬೇಕು, ಅದರಲ್ಲಿ 18 ತಿಂಗಳು ಮರದಲ್ಲಿ. ರಿಸೆರ್ವಾ ಆದರೆ 62 ತಿಂಗಳು. 2016ರ ಕೊಯ್ಲಿನ ಬರೊಲೊ ಅಂಗಡಿಗೆ ಬಂದದ್ದು 2020ರಲ್ಲಿ. ಅಷ್ಟು ಕಾದ ಮೇಲೂ ಅದು ಎಳೆಯದೇ. ಒಳ್ಳೆಯ ವರ್ಷದ ಬರೊಲೊ ಬಾಯಿಗೆ ಹಿತವಾಗಲು ಕೊಯ್ಲಿನಿಂದ ಎಂಟು ಹತ್ತು ವರ್ಷ ಬೇಕು. ತಂಪಾದ ಕತ್ತಲೆ ಜಾಗ ಮನೆಯಲ್ಲಿಲ್ಲದವರು ಅಷ್ಟು ವರ್ಷ ಕಾಯಲಾರರು. ಕಾದರೂ ಬಿಸಿಲಿಗೆ ಬಾಟಲಿ ಕೆಡುತ್ತದೆ.

ಬಾರ್ಬರೆಸ್ಕೊದ ಗಡುವು 26 ತಿಂಗಳು, ಮರದಲ್ಲಿ 9 ತಿಂಗಳು. ತನಾರೊ ನದಿಗೆ ಹತ್ತಿರದ, ಸ್ವಲ್ಪ ಬೆಚ್ಚಗಿನ ಗುಡ್ಡಗಳು. ಹಣ್ಣು ಬೇಗ ಮಾಗುತ್ತದೆ, ಒಗರು ಬೇಗ ಮೆತ್ತಗಾಗುತ್ತದೆ. ಬಾರ್ಬರೆಸ್ಕೊ, ನೆಯಿವೆ, ತ್ರೆಯ್ಸೊ ಎಂಬ ಮೂರು ಗ್ರಾಮ ಮತ್ತು ಆಲ್ಬಾದ ಒಂದು ಚೂರು, ಇಷ್ಟೇ ಅದರ ಸೀಮೆ. ಅಲ್ಲಿ ನನಗೆ ಬಹಳ ಗೌರವವಿರುವುದು ಒಂದು ಸಹಕಾರ ಸಂಘದ ಮೇಲೆ. 1894ರಲ್ಲಿ ಆಲ್ಬಾದ ವೈನ್ ಶಾಲೆಯ ಮುಖ್ಯಸ್ಥ ದೊಮಿತ್ಸಿಯೊ ಕವಾತ್ಸಾ ಒಂಬತ್ತು ಬೆಳೆಗಾರರನ್ನು ಕೂಡಿಸಿ ಕಟ್ಟಿದ ಸಂಘ ಫ್ಯಾಸಿಸ್ಟರ ಕಾಲದಲ್ಲಿ ಮುಚ್ಚಿಹೋಯಿತು. 1958ರಲ್ಲಿ ಊರಿನ ಪಾದ್ರಿ ಫಿಯೊರಿನೊ ಮರೆಂಗೊ 19 ಸಣ್ಣ ರೈತರನ್ನು ಒಟ್ಟುಗೂಡಿಸಿ ಅದಕ್ಕೆ ಮತ್ತೆ ಜೀವ ಕೊಟ್ಟರು. ಪ್ರೊದುತ್ತೊರಿ ದೆಲ್ ಬಾರ್ಬರೆಸ್ಕೊ ಎಂಬ ಹೆಸರಿನ ಈ ಸಂಘ ನೆಬ್ಬಿಯೊಲೊ ಒಂದನ್ನೇ ನಂಬಿಕೊಂಡಿದೆ. ಒಳ್ಳೆಯ ವರ್ಷಗಳಲ್ಲಿ 9 ತೋಟಗಳ ವೈನನ್ನು ಬೇರೆ ಬೇರೆ ರಿಸೆರ್ವಾ ಆಗಿ ತುಂಬುತ್ತದೆ, ಸಾಧಾರಣ ವರ್ಷಗಳಲ್ಲಿ ಅದೆಲ್ಲವನ್ನೂ ಸಾದಾ ಬಾರ್ಬರೆಸ್ಕೊಗೇ ಸೇರಿಸುತ್ತದೆ. ಹಾಗಾಗಿ ವರ್ಷ ಕೆಟ್ಟಿತು ಎಂದು ಸುದ್ದಿಯಾದಾಗಲೂ ಅವರ ಸಾದಾ ಬಾಟಲಿಯನ್ನು ಹಿಂಜರಿಯದೆ ಕೊಳ್ಳಬಹುದು.

ಬರೊಲೊ ಬೇಕೇ ಬೇಕು ಎನ್ನುವವರು ಹಳ್ಳಿಯ ಹೆಸರು ನೋಡಲಿ. ಒಟ್ಟು 11 ಗ್ರಾಮಗಳ ಸೀಮೆ ಅದು. ಪಶ್ಚಿಮದ ಲಾ ಮೊರ್ರಾ ಮತ್ತು ಬರೊಲೊ ಗ್ರಾಮದ ಮಣ್ಣು ಕಿರಿಯದು, ಅಲ್ಲಿನ ವೈನ್ ಘಮದಲ್ಲಿ ಮುಂದು, ಬೇಗ ಕುಡಿಯಲು ಬರುತ್ತದೆ. ಪೂರ್ವದ ಸೆರಲುಂಗಾ, ದಕ್ಷಿಣದ ಮೊನ್ಫೋರ್ತೆಯ ಮಣ್ಣು ಹಳೆಯದು, ವೈನ್ ಗಟ್ಟಿ, ನಿಧಾನ. ಈ ವರ್ಷವೇ ತೆರೆಯುವ ಉದ್ದೇಶವಿದ್ದರೆ ಲಾ ಮೊರ್ರಾ. ಮಗಳ ಹುಟ್ಟಿದ ವರ್ಷದ ಬಾಟಲಿ ಎತ್ತಿಟ್ಟು ಅವಳ ಮದುವೆಗೆ ತೆರೆಯಬೇಕು ಎಂದಿದ್ದರೆ ಸೆರಲುಂಗಾ.

ಇವೆರಡಕ್ಕೂ ಕೆಳಗೆ, ನನ್ನ ಮಟ್ಟಿಗೆ ಹೆಚ್ಚು ಸಲ ಕೈಗೆತ್ತಿಕೊಳ್ಳಬೇಕಾದದ್ದು, ಲಾಂಗೆ ನೆಬ್ಬಿಯೊಲೊ. 1994ರಲ್ಲಿ ಹುಟ್ಟಿದ ಈ ಡಿಒಸಿಯಲ್ಲಿ ಹದಮಾಡುವ ಗಡುವಿನ ಕಟ್ಟುಪಾಡು ಇಲ್ಲ. ಬರೊಲೊ ಮನೆಗಳು ಎಳೆಯ ಬಳ್ಳಿಗಳ ಹಣ್ಣನ್ನು ಇದಕ್ಕೆ ಹಾಕುತ್ತವೆ. ಗುಲಾಬಿಯ ಘಮ ಇದೆ, ಒಗರು ಸೌಮ್ಯ, ಬೆಲೆ ಬರೊಲೊದ ಅರ್ಧಕ್ಕಿಂತ ಎಷ್ಟೋ ಕಡಿಮೆ. ಒಳ್ಳೆಯ ಬರೊಲೊ ಮಾಡುವವರ ಲಾಂಗೆ ನೆಬ್ಬಿಯೊಲೊವನ್ನು ಅಪರಿಚಿತರ ಅಗ್ಗದ ಬರೊಲೊಗಿಂತ ಮೊದಲು ಕೊಳ್ಳಿ. ತನಾರೊ ನದಿಯ ಎಡದಂಡೆಯ ಮರಳು ನೆಲದ ರೊಯೆರೊ, ಉತ್ತರದ ಬೆಟ್ಟದಡಿಯ ಗತ್ತಿನಾರಾ, ಗೆಮ್ಮೆ ಕೂಡ ಪ್ರಧಾನವಾಗಿ ನೆಬ್ಬಿಯೊಲೊ ವೈನ್‌ಗಳೇ. ಗತ್ತಿನಾರಾದ ಜ್ವಾಲಾಮುಖಿ ಕಲ್ಲಿನ ನೆಲ ಕೊಡುವ ಉಪ್ಪುಪ್ಪಾದ ರುಚಿ ಇಷ್ಟವಾದವರು ಅದನ್ನೇ ಹುಡುಕಿಕೊಂಡು ಹೋಗುತ್ತಾರೆ.

ದೊಲ್ಚೆತ್ತೊ

ಇದರ ಬಗ್ಗೆ ಬಹಳ ಹೇಳುವುದಿಲ್ಲ, ಏಕೆಂದರೆ ಇದು ಬಹಳ ಯೋಚನೆ ಬೇಡದ ವೈನ್. ಎರಡು ಮೂರು ವರ್ಷದೊಳಗೆ ಕುಡಿದು ಮುಗಿಸಬೇಕು. ಸಾದಾ ದೊಲ್ಚೆತ್ತೊ ದಾಲ್ಬಾ ಸಂಜೆಯ ತಿಂಡಿಗೆ, ಊಟದ ಮೊದಲ ತಟ್ಟೆಗೆ ಸರಿ. ಸ್ವಲ್ಪ ಗಟ್ಟಿ ಬೇಕಿದ್ದರೆ ದೊಲ್ಯಾನಿ. ಇಟಲಿ ಗಣರಾಜ್ಯದ ಅಧ್ಯಕ್ಷರಾಗಿದ್ದ, 1948ರಿಂದ 1955ರವರೆಗೆ ಆ ಹುದ್ದೆಯಲ್ಲಿದ್ದ ಅರ್ಥಶಾಸ್ತ್ರಜ್ಞ ಲುಯಿಜಿ ಎಯ್ನಾವ್ದಿಯವರ ತೋಟ ಇರುವುದು ಆ ಊರಿನಲ್ಲೇ. ಅವರ ಹೆಸರಿನಲ್ಲಿ ಇವತ್ತಿಗೂ ಅಲ್ಲಿ ವೈನ್ ಬರುತ್ತಿದೆ. ಹುಳಿ ಸೇರದ ಮನೆಮಂದಿಗೆ ಮೂರರಲ್ಲಿ ಇದು ಹೆಚ್ಚು ಹಿತವೆನಿಸುತ್ತದೆ.

ತಟ್ಟೆಯಿಂದ ಬಾಟಲಿಗೆ

ಈಗ ಪಿಯೆಮೊಂತೆಯ ಅಡುಗೆಗೆ ಬರೋಣ. ಈ ವೈನ್‌ಗಳು ಅಲ್ಲಿನ ಒಲೆಯ ಪಕ್ಕದಲ್ಲೇ ಬೆಳೆದವು.

ಬಾನ್ಯಾ ಕಾವ್ಡಾದಿಂದ ಶುರುಮಾಡುತ್ತೇನೆ, ಏಕೆಂದರೆ ಅದರಲ್ಲಿ ತಪ್ಪು ಬಾಟಲಿ ತೆರೆದರೆ ತಕ್ಷಣ ಗೊತ್ತಾಗುತ್ತದೆ. ಬೆಳ್ಳುಳ್ಳಿ, ಉಪ್ಪಿನಲ್ಲಿಟ್ಟ ಆಂಚೊವಿ ಮೀನು, ಆಲಿವ್ ಎಣ್ಣೆ ಮೂರನ್ನೂ ಸಣ್ಣ ಉರಿಯಲ್ಲಿ ಕರಗಿಸಿ, ಮಣ್ಣಿನ ಪಾತ್ರೆಯಲ್ಲಿ ಕೆಳಗೆ ದೀಪ ಹಚ್ಚಿ ಬಿಸಿಯಾಗಿಯೇ ಇಟ್ಟು, ಹಸಿ ತರಕಾರಿಗಳನ್ನು ಅದ್ದಿ ತಿನ್ನುವ ಚಳಿಗಾಲದ ಊಟ ಅದು. ಆಂಚೊವಿ ಪಿಯೆಮೊಂತೆಯದಲ್ಲ, ಕರಾವಳಿಯ ಲಿಗೂರಿಯಾದಿಂದ ಉಪ್ಪಿನ ದಾರಿ ಹಿಡಿದು ಬೆಟ್ಟ ಹತ್ತಿ ಬಂದದ್ದು. ಅದ್ದುವ ತರಕಾರಿಗಳಲ್ಲಿ ಹೆಸರಾದದ್ದು ನಿತ್ಸಾ ಮೊನ್ಫೆರಾತೊ ಕಡೆಯ ಗೂನು ಕಾರ್ದೊ. ಗಿಡವನ್ನು ಬಗ್ಗಿಸಿ ಮಣ್ಣಿನಲ್ಲಿ ಹುಗಿದು, ಬೆಳಕು ಕಾಣದಂತೆ ಬೆಳ್ಳಗೆ ಮಾಡಿದ ದಂಟು. ಆ ದಂಟು ಬೆಳೆಯುವ ನೆಲದ ಮೇಲಿನ ಗುಡ್ಡದಲ್ಲೇ ಬಾರ್ಬೆರಾ ಇದೆ, ಇದರ ಜೊತೆ ಅದೇ ಬೇಕು. ಸ್ಟೀಲ್ ಟ್ಯಾಂಕಿನ ಎಳೆಯ ಬಾರ್ಬೆರಾ ದಾಸ್ತಿ. ಎಣ್ಣೆಯ ಜಿಡ್ಡನ್ನು ಅದರ ಹುಳಿ ಕತ್ತರಿಸುತ್ತದೆ. ಆಂಚೊವಿಯ ಉಪ್ಪಿಗೆ ನೆಬ್ಬಿಯೊಲೊದ ಒಗರು ಸೇರಿದರೆ ಬಾಯಲ್ಲಿ ಕಬ್ಬಿಣ ನೆಕ್ಕಿದ ರುಚಿ ಉಳಿಯುತ್ತದೆ.

ವಿತೆಲ್ಲೊ ತೊನ್ನಾತೊ ಎಂದರೆ ಬೇಯಿಸಿ ತಣ್ಣಗಾಗಿಸಿ ತೆಳ್ಳಗೆ ಕೊಯ್ದ ಎಳೆಗರುವಿನ ಮಾಂಸದ ಮೇಲೆ ಟ್ಯೂನಾ ಮೀನಿನ ಸಾಸ್. ಅದಕ್ಕೂ, ಹಸಿ ಮಾಂಸದ ಕಾರ್ನೆ ಕ್ರೂದಾಕ್ಕೂ, ತಣ್ಣನೆಯ ಸಲಾಮಿಗೂ ದೊಲ್ಚೆತ್ತೊ. ಮೆಣಸಿನಕಾಯಿಯ ಜಾತಿಯದೇ ಆದ, ಖಾರವಿಲ್ಲದ ಕರ್ಮನ್ಯೋಲಾದ ದೊಣ್ಣೆಮೆಣಸನ್ನು ಸುಟ್ಟು ಸಿಪ್ಪೆ ಸುಲಿದು ಬಡಿಸಿದರೆ ದೊಲ್ಚೆತ್ತೊ ಅಥವಾ ಹಗುರ ಬಾರ್ಬೆರಾ.

ತಾಯರಿನ್ ಅಲ್ಲಿನ ಎಳೆ ಎಳೆಯಾದ ಪಾಸ್ತಾ. ಕೇಜಿ ಹಿಟ್ಟಿಗೆ ಮೂವತ್ತು ನಲವತ್ತು ಮೊಟ್ಟೆಯ ಹಳದಿ ಹಾಕಿ ನಾದುವವರಿದ್ದಾರೆ. ಬೆಣ್ಣೆ, ಸೇಜ್ ಎಲೆ ಮಾತ್ರ ಹಾಕಿದ್ದರೆ ಲಾಂಗೆ ನೆಬ್ಬಿಯೊಲೊ. ಮಾಂಸದ ರಾಗೂ ಸಾಸ್ ಹಾಕಿದ್ದರೆ ಬಾರ್ಬೆರಾ ದಾಲ್ಬಾ. ಅಕ್ಟೋಬರ್‌ನಿಂದ ಡಿಸೆಂಬರ್ ನಡುವೆ ನೆಲದಡಿ ಬೆಳೆಯುವ ಘಮದ ಅಣಬೆಯಾದ ಆಲ್ಬಾದ ಬಿಳಿ ಟ್ರಫಲ್ ಹೆರೆದು ಉದುರಿಸಿದ್ದರೆ, ಏಳೆಂಟು ವರ್ಷ ಕಂಡ ಬಾರ್ಬರೆಸ್ಕೊ. ಟ್ರಫಲ್‌ನ ಘಮ ಸೂಕ್ಷ್ಮ. ಅದರ ಮುಂದೆ ಓಕ್‌ನ ವಾಸನೆ ಇರಬಾರದು, ಬಿರುಸು ಒಗರೂ ಇರಬಾರದು; ವಯಸ್ಸಾದ ನೆಬ್ಬಿಯೊಲೊದ ಅಣಬೆ, ಒಣಎಲೆಯ ಘಮ ಮಾತ್ರ ಅದರ ಸರಿಸಮ ನಿಲ್ಲುತ್ತದೆ. ಮೂರೂ ವೈನ್‌ಗಳ ಪೈಕಿ ದುಡ್ಡು ಸುರಿಯುವುದು ಸಾರ್ಥಕವಾಗುವ ತಟ್ಟೆ ಯಾವುದಾದರೂ ಇದ್ದರೆ ಅದು ಇದು.

ಬರೊಲೊದಲ್ಲಿ ಗಂಟೆಗಟ್ಟಲೆ ಬೇಯಿಸಿದ ಗೋಮಾಂಸದ ಬ್ರಾಸಾತೊಗೆ ಬರೊಲೊ ಕುಡಿಯುವುದು ಸಹಜವೇ. ಆದರೆ ಪಾತ್ರೆಗೂ ಬರೊಲೊ ಸುರಿಯಬೇಕೆ? ನನ್ನ ಪ್ರಕಾರ ಬೇಡ. ಮೂರು ಗಂಟೆ ಕುದಿದ ಮೇಲೆ ಗುಲಾಬಿಯ ಘಮ ಆವಿಯಾಗಿ ಹೋಗಿರುತ್ತದೆ, ಉಳಿಯುವುದು ಹುಳಿ ಮತ್ತು ಬಣ್ಣ. ಆ ಕೆಲಸಕ್ಕೆ ಬಾರ್ಬೆರಾ ಸಾಕು, ಬಣ್ಣವೂ ಚೆನ್ನಾಗಿ ಬರುತ್ತದೆ. ಬರೊಲೊ ಲೋಟದಲ್ಲಿರಲಿ. ಗೋಮಾಂಸ ತಿನ್ನದವರು ಇದೇ ವಿಧಾನದಲ್ಲಿ ಕುರಿಯ ತೊಡೆ ಬೇಯಿಸಬಹುದು. ಮಾಂಸವೇ ಬೇಡವೆಂದರೆ ಪೊರ್ಚಿನಿ ಅಣಬೆಯ ರಿಸೊತ್ತೊ ಎಂಬ ಅನ್ನದ ಅಡುಗೆ ಮಾಡಿ, ಬೆಣ್ಣೆ ಧಾರಾಳವಾಗಿ ಹಾಕಿ. ನೆಬ್ಬಿಯೊಲೊದ ಒಗರಿಗೆ ಹಿಡಿದುಕೊಳ್ಳಲು ಆಸರೆ ಸಿಗುತ್ತದೆ.

ಹಲವು ಬಗೆಯ ಮಾಂಸದ ತುಂಡುಗಳನ್ನು ಬೇಯಿಸಿ ಬಡಿಸುವ ಬೊಲ್ಲಿತೊ ಮಿಸ್ತೊಗೆ ಹೆಸರಾದ ಊರು ಕರ್ರೂ. ಡಿಸೆಂಬರಿನಲ್ಲಿ ಅಲ್ಲಿ ಕೊಬ್ಬಿದ ಎತ್ತುಗಳ ಜಾತ್ರೆ ನಡೆಯುತ್ತದೆ. ಊರು ದೊಲ್ಯಾನಿಗೆ ಹತ್ತಿರವಾದ್ದರಿಂದ ಅಲ್ಲಿ ದೊಲ್ಚೆತ್ತೊವನ್ನೇ ಸುರಿಯುವವರು ಬಹಳ. ನಾನು ಒಪ್ಪುವುದಿಲ್ಲ. ಆ ಮಾಂಸದ ಜೊತೆ ಬರುವ ಹಸಿರು ಚಟ್ನಿಯಂಥ ಬಾನ್ಯೆತ್ ವೆರ್ತ್‌ನಲ್ಲಿ ಪಾರ್ಸ್ಲಿ, ಬೆಳ್ಳುಳ್ಳಿ, ಆಂಚೊವಿ, ವಿನೆಗರಿನಲ್ಲಿ ನೆನೆಸಿದ ಬ್ರೆಡ್ಡು ಇರುತ್ತದೆ. ವಿನೆಗರ್ ಮುಂದೆ ಹುಳಿ ಕಡಿಮೆಯ ದೊಲ್ಚೆತ್ತೊ ಮಂಕಾಗುತ್ತದೆ. ಬಾರ್ಬೆರಾ ನಿಲ್ಲುತ್ತದೆ.

ಚೀಸ್ ವಿಷಯಕ್ಕೆ ಬಂದರೆ, ಗ್ರಾನಾ ಕಣಿವೆಯ ಕಾಸ್ತೆಲ್‌ಮಾನ್ಯೊ ಪುಡಿಪುಡಿಯಾಗುವ, ತೀಕ್ಷ್ಣ ರುಚಿಯ ಬೆಟ್ಟದ ಚೀಸ್. ಅದರ ಎದುರು ಬರೊಲೊ. ಅದನ್ನು ಕರಗಿಸಿ ಹಾಕಿದ ಆಲೂಗಡ್ಡೆಯ ನ್ಯೊಕ್ಕಿಗೆ ಲಾಂಗೆ ನೆಬ್ಬಿಯೊಲೊ. ಆಡಿನ ಹಾಲಿನ ಎಳೆಯ ರೊಬಿಯೊಲಾ ದಿ ರೊಕ್ಕವೆರಾನೊಗೆ ದೊಲ್ಚೆತ್ತೊ. ಸಸ್ಯಾಹಾರಿಗಳು ಒಂದು ವಿಷಯ ತಿಳಿದಿರಲಿ: ಈ ಸಾಂಪ್ರದಾಯಿಕ ಚೀಸ್‌ಗಳಲ್ಲಿ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಅದು ಆಗದವರು ಸಸ್ಯಮೂಲದ ರೆನೆಟ್ ಎಂದು ಬರೆದಿರುವ ಗಟ್ಟಿ ಚೀಸ್ ಹುಡುಕಿಕೊಳ್ಳಬೇಕು, ವೈನಿನ ಲೆಕ್ಕ ಬದಲಾಗುವುದಿಲ್ಲ.

ಪಿಜ್ಜಾ, ಬದನೆಕಾಯಿ ಪಾರ್ಮಿಜಾನಾ, ಟೊಮೆಟೊ ಇರುವ ಯಾವುದೇ ಅಡುಗೆ: ಬಾರ್ಬೆರಾ ದಾಸ್ತಿ, ಎರಡನೇ ಮಾತಿಲ್ಲ. ಕರಿದ ತಿಂಡಿಗೂ ಅದೇ.

ನಮ್ಮ ಅಡುಗೆಯ ಜೊತೆ ತೆರೆಯುವುದಾದರೆ ಮೊದಲು ನೋಡಬೇಕಾದದ್ದು ಮೆಣಸಿನಕಾಯಿ. ಒಗರು ಮತ್ತು ಮದ್ಯಸಾರ ಎರಡೂ ಖಾರದ ಉರಿಯನ್ನು ಹೆಚ್ಚಿಸುತ್ತವೆ. ಬ್ಯಾಡಗಿ ಮೆಣಸಿನ ಕೋಳಿಸಾರಿಗೆ ಬರೊಲೊ ತೆರೆದರೆ ದುಡ್ಡೂ ಹೋಯಿತು, ನಾಲಗೆಯೂ ಉರಿಯಿತು. ಕೊಡಗಿನ ಪಂದಿ ಕರಿಯ ಕೊಬ್ಬು, ಕಾಚಂಪುಳಿಯ ಹುಳಿ, ಕರಿಮೆಣಸು ಇವಕ್ಕೆ ಆಸ್ತಿಯ ಬಾರ್ಬೆರಾ ಸರಿಯಾಗಿ ಒಗ್ಗುತ್ತದೆ. ಹುಳಿಗೆ ಹುಳಿ, ಕೊಬ್ಬಿಗೆ ಹುಳಿ. ಶೇಂಗಾ, ಎಳ್ಳು ತುಂಬಿದ ಬದನೆಕಾಯಿ ಎಣ್ಣೆಗಾಯಿಯನ್ನು ಖಾರ ತಗ್ಗಿಸಿ ಮಾಡಿದರೆ ತಣ್ಣಗಿನ ದೊಲ್ಚೆತ್ತೊ ಹೊಂದುತ್ತದೆ. ಬೇಳೆ ಸಾರು, ಹುಳಿ, ಮೊಸರನ್ನಕ್ಕೆ ಈ ಮೂರರಲ್ಲಿ ಯಾವುದೂ ಬೇಡ.

ಕೊಳ್ಳುವಾಗ, ಸುರಿಯುವಾಗ

ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕು ಎನ್ನುವ ಮಾತು ಯುರೋಪಿನ ಹಳೆಯ ಕಲ್ಲಿನ ಮನೆಗಳಲ್ಲಿ ಹುಟ್ಟಿದ್ದು. ಬೆಂಗಳೂರಿನ ಏಪ್ರಿಲ್‌ಗೆ ಅದು ಅನ್ವಯಿಸುವುದಿಲ್ಲ. ದೊಲ್ಚೆತ್ತೊ 14ರಿಂದ 16 ಡಿಗ್ರಿ, ಬಾರ್ಬೆರಾ 16ರ ಆಸುಪಾಸು, ಬರೊಲೊ 18 ಡಿಗ್ರಿ ಸೆಲ್ಸಿಯಸ್ ಮೀರಬಾರದು. ಬೇಸಿಗೆಯಲ್ಲಿ ಬಾಟಲಿಯನ್ನು ಅರ್ಧ ಮುಕ್ಕಾಲು ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆಯಿರಿ. ಬೆಚ್ಚಗಾದ ಬಾರ್ಬೆರಾದಲ್ಲಿ ಮದ್ಯಸಾರದ ಘಾಟು ಮೊದಲು ಮೂಗಿಗೆ ಬಡಿಯುತ್ತದೆ.

ಬಾರ್ಬೆರಾ, ದೊಲ್ಚೆತ್ತೊ ಎರಡಕ್ಕೂ ಹೊಸ ಕೊಯ್ಲಿನದೇ ಒಳ್ಳೆಯದು. ಅಂಗಡಿಯ ಕಪಾಟಿನಲ್ಲಿ ಆರೇಳು ವರ್ಷ ದೂಳು ಹಿಡಿದು ನಿಂತ ದೊಲ್ಚೆತ್ತೊವನ್ನು ರಿಯಾಯಿತಿಯಲ್ಲಿ ಕೊಟ್ಟರೂ ತರಬೇಡಿ. ಭಾರತದಲ್ಲಿ ಆಮದು ಸುಂಕ, ಅಬಕಾರಿ ತೆರಿಗೆ ಸೇರಿ ಬೆಲೆ ಮೂಲಕ್ಕಿಂತ ಎಷ್ಟೋ ಪಟ್ಟು ಏರುವುದರಿಂದ ಇಲ್ಲಿ ಬರೊಲೊ ಕೊಳ್ಳುವುದಕ್ಕಿಂತ, ಯುರೋಪಿನಲ್ಲಿರುವ ಮಗನೋ ಸೊಸೆಯೋ ಬರುವಾಗ ತರಿಸುವುದು ಮೇಲು. ತರಿಸುವುದಾದರೆ ಒಂದು ಬರೊಲೊ ಬದಲು ಒಂದು ನಿತ್ಸಾ, ಒಂದು ಲಾಂಗೆ ನೆಬ್ಬಿಯೊಲೊ ತರಲು ಹೇಳಿ. ಯಾರ ಮನೆಗಾದರೂ ಊಟಕ್ಕೆ ಹೋಗುವಾಗ ಅಲ್ಲಿ ಏನು ಅಡುಗೆ ಎಂದು ಗೊತ್ತಿಲ್ಲದಿದ್ದರೆ ಓಕ್ ಇಲ್ಲದ ಬಾರ್ಬೆರಾ ದಾಸ್ತಿ ಹಿಡಿದುಕೊಂಡು ಹೋಗಿ.

ಎಳೆಯ ಬರೊಲೊ ತೆರೆಯಲೇಬೇಕಾಗಿ ಬಂದರೆ ಊಟಕ್ಕೆ ಮೂರು ನಾಲ್ಕು ಗಂಟೆ ಮೊದಲೇ ಅಗಲ ಬಾಯಿಯ ಜಾಡಿಗೆ ಬಗ್ಗಿಸಿಡಿ. ಉಳಿದರೆ ಬಿರಡೆ ಹಾಕಿ ಫ್ರಿಜ್ಜಿನಲ್ಲಿಡಿ, ಮರುದಿನ ಇನ್ನೂ ಚೆನ್ನಾಗಿರುತ್ತದೆ. ದೊಲ್ಚೆತ್ತೊ ಹಾಗಲ್ಲ, ತೆರೆದ ರಾತ್ರಿಯೇ ಮುಗಿಸಬೇಕು. ಮೂರನ್ನೂ ಒಂದೇ ಊಟಕ್ಕೆ ತೆರೆಯುವ ದೊಡ್ಡ ಬಳಗವಿದ್ದರೆ ಲಾಂಗೆ ಮನೆಗಳ ಕ್ರಮವನ್ನೇ ಅನುಸರಿಸಿ: ತಣ್ಣನೆಯ ಮೊದಲ ತಟ್ಟೆಗಳಿಗೆ ದೊಲ್ಚೆತ್ತೊ, ಪಾಸ್ತಾಕ್ಕೆ ಬಾರ್ಬೆರಾ, ಮಾಂಸ ಮತ್ತು ಚೀಸಿಗೆ ನೆಬ್ಬಿಯೊಲೊ. ಸಿಹಿ ಬಂದಾಗ ಮೂರೂ ಬಾಟಲಿ ಬದಿಗಿಟ್ಟು, ಹೇಝಲ್‌ನಟ್ ಕೇಕಿಗೆ ಶೇ. 5ರಷ್ಟೇ ಮದ್ಯಸಾರವಿರುವ, ನೊರೆಯಾಡುವ ಮೊಸ್ಕಾತೊ ದಾಸ್ತಿಯನ್ನು ತಣ್ಣಗೆ ಸುರಿಯಿರಿ.